‘ವಿತ್’ ಎದುರಾದಾಗ

ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಉದಾರತೆಯನ್ನು ಕೊಂಡಾಡುವವರಿಗೆ ಕೊರತೆಯಿಲ್ಲ. ಕಾಲಮ್‌ನ ಟೈಪ್ ಹೆಸರಾಗಿ ಎಷ್ಟು ಪದ ಬರೆದರೂ ಅದರ ಪಾರ್ಸರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಹಾಗಲ್ಲ. ‘ಡಬಲ್ ಪ್ರಿಸಿಷನ್’, ‘ಕ್ಯಾರೆಕ್ಟರ್ ವೇರಿಯಿಂಗ್’ ಮುಂತಾದವನ್ನು ತನ್ನ ವ್ಯಾಕರಣದೊಳಗೇ ನಿಯಮಗಳಾಗಿ ಬರೆದಿಟ್ಟುಕೊಂಡಿದೆ. ಇದನ್ನು ಹಳೇ ಕಾಲದ ಬಿಗಿತನವೆಂದು ತಳ್ಳಿಹಾಕುವವರು ಅದರ ‘ಪಾರ್ಸರ್.ಸಿ’ ಕಡತವನ್ನು ಗಮನವಿಟ್ಟು ಓದಿಲ್ಲ.

‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಎಂಬ ಹೆಸರನ್ನೇ ನೋಡಿ. ಬೈಸನ್ ಎಂಬ ಪಾರ್ಸರ್ ತಯಾರಿಸುವ ಸಾಧನದಿಂದ ಹುಟ್ಟಿದ ಪೋಸ್ಟ್‌ಗ್ರೆಸ್‌ನ ಪಾರ್ಸರ್ ಮುಂದಿನ ಒಂದೇ ಟೋಕನ್ ನೋಡಿ ತೀರ್ಮಾನಿಸಬೇಕು. ‘ಟೈಮ್‌ಸ್ಟ್ಯಾಂಪ್’ ಆದ ಮೇಲೆ ‘ವಿತ್’ ಕಂಡರೆ ಹೆಸರು ಮುಗಿಯಿತೋ, ಇನ್ನೂ ಇದೆಯೋ? ವ್ಯೂ ಒಂದರ ಕೊನೆಗೆ ಬರುವ ‘ವಿತ್ ಚೆಕ್ ಆಪ್ಷನ್’ ಕೂಡ ಅದೇ ಜಾಗದಲ್ಲಿ ನಿಲ್ಲಬಲ್ಲದು. ಸ್ಕ್ಯಾನರ್‌ಗೂ ವ್ಯಾಕರಣಕ್ಕೂ ನಡುವೆ ಇರುವ ಪುಟ್ಟ ಫಂಕ್ಷನ್ ಈ ಗಂಟನ್ನು ಬಿಡಿಸುತ್ತದೆ. ‘ವಿತ್’ ಬಂದಾಗ ಅದು ಮುಂದಿನ ಟೋಕನನ್ನು ಇಣುಕಿ ನೋಡುತ್ತದೆ. ಅಲ್ಲಿ ‘ಟೈಮ್’ ಇದ್ದರೆ ಈ ‘ವಿತ್’ಗೆ ಬೇರೊಂದು ಗುರುತು ಕೊಡುತ್ತದೆ. ಪದಗಳನ್ನು ಒಂದಕ್ಕೊಂದು ಅಂಟಿಸುವುದಿಲ್ಲ. ‘ಟೈಮ್’ ತನ್ನ ಸರದಿಯಲ್ಲಿ ತಾನೇ ಬರುತ್ತದೆ. ಸ್ಕ್ಯಾನರ್‌ನಲ್ಲೇ ಇಡೀ ಪದಗುಚ್ಛವನ್ನು ಹಿಡಿಯಹೊರಟಿದ್ದರೆ, ಪದಗಳ ನಡುವೆ ತೂರಬಹುದಾದ ಕಾಮೆಂಟ್‌ಗಳನ್ನೂ ನಿಭಾಯಿಸಬೇಕಿತ್ತು. ಹಿಂದೆ ಸರಿದು ಮತ್ತೆ ಓದುವ ಖರ್ಚೂ ಬೀಳಬಹುದಿತ್ತು. ತೊಡಕು ಎಷ್ಟೋ ಅಷ್ಟಕ್ಕೇ ಪರಿಹಾರ: ಒಳ್ಳೆಯ ಕಸುಬುದಾರಿಕೆ ಇದು.

ಮಿತಿಯೂ ಇದೆ. ಬಳಕೆದಾರರು ಹೊಸ ಟೈಪ್‌ಗಳನ್ನೇ ಸೃಷ್ಟಿಸಬಹುದಾದ ಪೋಸ್ಟ್‌ಗ್ರೆಸ್‌ನಲ್ಲಿ, ಉದ್ಧರಣ ಚಿಹ್ನೆಯಿಲ್ಲದ ಬಹುಪದದ ಹೆಸರಿಡುವ ಅವಕಾಶ ಅವರಿಗಿಲ್ಲ. ಆದರೆ ಇದರಿಂದ ದತ್ತಾಂಶವೇನೂ ಕೆಡುವುದಿಲ್ಲ.

ಎಸ್‌ಕ್ಯೂಲೈಟ್‌ನಲ್ಲಿ ಕೆಡುತ್ತದೆ. ‘ಫ್ಲೋಟಿಂಗ್ ಪಾಯಿಂಟ್’ ಎಂದು ಕಾಲಮ್ ಮಾಡಿ. ‘ಪಾಯಿಂಟ್’ನ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ಐ-ಎನ್-ಟಿ’ ಅಕ್ಷರಗಳಿವೆ. ಅಷ್ಟರಿಂದಲೇ ಆ ಕಾಲಮ್ ಪೂರ್ಣಾಂಕದ ಕಡೆ ವಾಲುತ್ತದೆ. 7.0 ತುಂಬಿದರೆ 7 ಆಗಿ ಉಳಿಯುತ್ತದೆ. ಅದನ್ನು 2ರಿಂದ ಭಾಗಿಸಿದರೆ 3.5ರ ಬದಲು 3 ಬರುತ್ತದೆ. ಎಚ್ಚರಿಕೆಯ ಒಂದು ಸೊಲ್ಲೂ ಇಲ್ಲ. ಇದೆಲ್ಲ ಕೈಪಿಡಿಯಲ್ಲೇ ಇದೆಯಲ್ಲ ಎನ್ನುತ್ತಾರೆ ಸಮರ್ಥಕರು. ಇದೆ, ನಿಜ. ಆದರೆ ದೋಷವನ್ನು ಬರೆದಿಟ್ಟ ಮಾತ್ರಕ್ಕೆ ಅದು ಗುಣವಾಗದು. 2021ರಲ್ಲಿ ಬಂದ ‘ಸ್ಟ್ರಿಕ್ಟ್’ ಟೇಬಲ್‌ಗಳು ಆರು ಒಂಟಿಪದದ ಹೆಸರುಗಳನ್ನಷ್ಟೇ ಒಪ್ಪುತ್ತವೆ. ಶಿಸ್ತು ಬೇಕೆಂದಾಗ ಎಸ್‌ಕ್ಯೂಲೈಟ್ ಬಹುಪದಗಳನ್ನೇ ಕೈಬಿಟ್ಟಿತು. ಇವರು ಹೊಗಳುವ ಉದಾರತೆಯಲ್ಲಿ ತಿಳಿವಳಿಕೆ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅರ್ಥವಾಗದ ಹೆಸರನ್ನು ಬೇಡವೆನ್ನುವ ಪಾರ್ಸರನ್ನೇ ನಂಬಬೇಕು.