ಮೃಗಯಾವರ್ಣನೆಯಲ್ಲಿ ವನೇಚರನ ಸ್ಥಾನ

ಮಹಾಕಾವ್ಯಲಕ್ಷಣವನ್ನು ನಿರೂಪಿಸುವಲ್ಲಿ ದಂಡಿಯು ನಗರ, ಅರ್ಣವ, ಶೈಲ, ಋತು, ಚಂದ್ರಾರ್ಕೋದಯ ಮೊದಲಾದ ವರ್ಣನೆಗಳನ್ನು ಎಣಿಸಿದನಾದರೂ ಮೃಗಯೆಯನ್ನು ಹೆಸರಿಸಲಿಲ್ಲ. ಆತನಿಗೆ ಹಲವು ಶತಮಾನಗಳ ತರುವಾಯ ಬಂದ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅದನ್ನು ಪಟ್ಟಿಗೆ ಸೇರಿಸಿದನು. ಕಾಳಿದಾಸನು ದಂಡಿಗಿಂತ ಹಿಂದೆಯೇ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿದ್ದುದರಿಂದ, ಲಕ್ಷಣವು ಲಕ್ಷ್ಯವನ್ನು ಬಹಳ ತಡವಾಗಿ ಹಿಂಬಾಲಿಸಿತೆಂದು ಹೇಳಬೇಕಾಗುತ್ತದೆ. ಹೀಗೆ ಪಟ್ಟಿಗೆ ಸೇರಿದುದರಿಂದ ಮೃಗಯೆಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು. ಅಂದಿನಿಂದ ಅದು ಕೇವಲ ಒಂದು ವರ್ಣನಾಂಗವಾಗಿ ಉಳಿಯಿತು. ಪಾಠಶಾಲೆಗಳಲ್ಲಿ ಅದರ ಉಪಮೆಗಳನ್ನು ಎಣಿಸುವರು, ಸ್ವಭಾವೋಕ್ತಿಯನ್ನು ಮೆಚ್ಚುವರು, ಮುಂದಿನ ಸರ್ಗಕ್ಕೆ ಹೋಗುವರು. ಬಾಣವನ್ನು ಬಿಟ್ಟವನಾರೆಂದು ಎಲ್ಲರೂ ಬಲ್ಲರು. ಮೃಗವಿದ್ದೆಡೆಗೆ ಅವನನ್ನು ಕರೆದೊಯ್ದವನಾರೆಂದು ಕೇಳುವವರು ವಿರಳ.

ಆದರೆ ಬಿಲ್ಬೇಟೆಯಲ್ಲಿ ಈ ಪ್ರಶ್ನೆಯೇ ಪ್ರಧಾನವಾದುದು. ಕೋವಿಯ ಗುಂಡು ದೂರದಿಂದಲೇ ಕೆಲಸವನ್ನು ಮಾಡಬಲ್ಲುದು. ಬಾಣಕ್ಕೆ ಆ ಸೌಲಭ್ಯವಿಲ್ಲ. ಕೆಲವೇ ಹೆಜ್ಜೆಗಳಷ್ಟು ಸಮೀಪಕ್ಕೆ ಹೋದಲ್ಲದೆ ಹುಲಿ ಚಿರತೆಗಳ ಮೇಲೆ ಅದನ್ನು ನಂಬಿ ಬಿಡುವಂತಿಲ್ಲ. ಅಷ್ಟು ಸಮೀಪಕ್ಕೆ ಹೋಗುವ ವಿದ್ಯೆ ಬಿಲ್ಲುಗಾರನ ತೋಳಿನಲ್ಲಿಲ್ಲ, ನೆಲವನ್ನು ಬಲ್ಲವನ ಕಣ್ಣುಮೂಗುಗಳಲ್ಲಿದೆ. ಬೆಟ್ಟದ ನಾಡಿನಲ್ಲಿ ಹಗಲು ಬಿಸಿಯೇರಿದಂತೆ ಗಾಳಿಯು ಇಳಿಜಾರನ್ನು ಹತ್ತುತ್ತದೆ, ಇರುಳು ತಂಪಾದಂತೆ ಇಳಿಯುತ್ತದೆ. ಇದನ್ನರಿಯದೆ ಹಗಲಿನಲ್ಲಿ ಕೆಳಗಿನಿಂದ ಹತ್ತುವವನ ವಾಸನೆಯು ಅವನಿಗಿಂತ ಮುಂಚೆಯೇ ಮೃಗವನ್ನು ಮುಟ್ಟುತ್ತದೆ. ನೀರಿಲ್ಲದ ಬಯಲಿನಲ್ಲಿ ಮೃಗಗಳು ಇರುವ ಒಂದೆರಡು ಮಡುಗಳಿಗೇ ಬರಬೇಕಾದುದರಿಂದ, ಮಡುವಿನ ಕೆಸರಿನ ಹೆಜ್ಜೆಯನ್ನು ಓದಬಲ್ಲವನೇ ಅಲ್ಲಿ ವಿದ್ವಾಂಸನು. ‘ಧನ್ವ’ ಎಂಬ ಒಂದೇ ಶಬ್ದಕ್ಕೆ ಬಿಲ್ಲೆಂದೂ ಮರುಭೂಮಿಯೆಂದೂ ಎರಡರ್ಥಗಳನ್ನು ಅಮರಸಿಂಹನು ಬೇರೆ ಬೇರೆ ವರ್ಗಗಳಲ್ಲಿ ಕೊಟ್ಟಿರುವನು. ವ್ಯುತ್ಪತ್ತಿ ಏನೇ ಇರಲಿ, ಎರಡೂ ಒಬ್ಬನೇ ವನೇಚರನ ಬಾಳಿಗೆ ಸೇರಿದುವೆಂಬುದು ವಿನೋದಕರವಾದ ಸಂಗತಿ.

ಶಾಸ್ತ್ರಕಾರರಿಗೆ ಇದು ತಿಳಿಯದ ವಿಷಯವಲ್ಲ. ಮೈಸೂರಿನ ಪ್ರಾಚ್ಯಪುಸ್ತಕಭಾಂಡಾರದಲ್ಲಿ ದೊರೆತು, 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲೀಯ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸಕ್ಕಾಗಿ ರಾಜನು ಕಾಡಿಗೆ ಹೋಗಬಹುದೆಂದೂ, ಆದರೆ ಬೇಡರೂ ನಾಯಿಗಾರರೂ ಮುಂಚಿತವಾಗಿ ಹೋಗಿ ಕಳ್ಳರ ಮತ್ತು ದುಷ್ಟಮೃಗಗಳ ಭಯವನ್ನು ನಿವಾರಿಸಿದ ಕಾಡಾಗಿರಬೇಕೆಂದೂ ವಿಧಿಸಲ್ಪಟ್ಟಿದೆ. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಕಾಡನ್ನು ಹೊಗುವಾಗ ಕಾಳಿದಾಸನು ಈ ವಿಧಿಯನ್ನು ಚಾಚೂ ತಪ್ಪದೆ ಪಾಲಿಸಿರುವನು. ನಾಯಿಗಾರರೂ ಬಲೆಗಾರರೂ ಮೊದಲೇ ಹೋಗಿ ನೆಲೆಗೊಂಡಿದ್ದರು. ಕಾಡ್ಗಿಚ್ಚೂ ಕಳ್ಳರೂ ಇಲ್ಲದ, ಕುದುರೆಗೆ ಗಟ್ಟಿನೆಲವಿರುವ ಕಾಡು ಅದು. ಇಷ್ಟಕ್ಕೆ ಕವಿ ವ್ಯಯಮಾಡಿದುದು ಅರ್ಧ ಶ್ಲೋಕಕ್ಕಿಂತ ಹೆಚ್ಚಿಲ್ಲ. ಆ ಬಳಿಕ ಎಲ್ಲವೂ ರಾಜನ ಕೈಚಳಕವೇ. ಗುಹೆಯಿಂದ ನೆಗೆದ ಹುಲಿಗಳ ಬಾಯಿಗಳನ್ನು ಬಾಣಗಳಿಂದ ತುಂಬಿ ಅವನ್ನೇ ಬತ್ತಳಿಕೆಗಳನ್ನಾಗಿ ಮಾಡಿದನೆಂಬ ಪ್ರಸಿದ್ಧ ಕಲ್ಪನೆಯು ಇಲ್ಲಿಯದೇ.

ಆದರೆ ಕಾಳಿದಾಸನು ಆ ಅರ್ಧ ಶ್ಲೋಕವನ್ನು ಮರೆತವನಲ್ಲ. ಸರ್ಗದ ಕೊನೆಯಲ್ಲಿ ದಶರಥನು ಒಂದು ಜಿಂಕೆಯ ಜಾಡು ಹಿಡಿದು, ಜೊತೆಯವರ ಕಣ್ಣಿಗೆ ಮರೆಯಾಗಿ, ಬಳಲಿದ ಕುದುರೆಯೊಡನೆ ತಮಸಾತೀರಕ್ಕೆ ಬರುತ್ತಾನೆ. ಅಲ್ಲಿ ನೀರಿನಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ, ಸದ್ದಿನ ಕಡೆಗೆ ಬಾಣವನ್ನು ಬಿಡುತ್ತಾನೆ. ಯುದ್ಧದಲ್ಲಲ್ಲದೆ ಆನೆಯನ್ನು ಕೊಲ್ಲುವುದು ರಾಜನಿಗೆ ನಿಷಿದ್ಧವೆಂದು ಕವಿಯೇ ಎಚ್ಚರಿಸಿರುವುದರಿಂದ ವ್ಯಾಖ್ಯಾನಪರಂಪರೆಯು ದೋಷವನ್ನು ಅಲ್ಲಿಯೇ ಕಂಡುಕೊಂಡಿದೆ. ಅದು ಸರಿಯಾದರೂ ಪೂರ್ಣವಲ್ಲ. ಜೊತೆಯವರು ತಪ್ಪಿದರೆಂಬ ಮಾತನ್ನು ಕವಿ ಸುಮ್ಮನೆ ಹಾಕಿಲ್ಲ. ಒಬ್ಬ ಬಲೆಗಾರನು ಪಕ್ಕದಲ್ಲಿದ್ದಿದ್ದರೆ, ಅದು ಕೊಡದ ಸದ್ದೆಂದು ಹೇಳುತ್ತಿದ್ದನು. ರಾಮಾಯಣದ ಕಥೆಯೆಲ್ಲವೂ ಯಾವ ಶಾಪದಿಂದ ಚಲಿಸುವುದೋ ಆ ಶಾಪವು, ದಾರಿತೋರುವವನಿಲ್ಲದ ಬಿಲ್ಲುಗಾರನ ಒಂದು ಬಾಣದಿಂದ ಹುಟ್ಟಿತೆಂದು ಓದಬಹುದು.

ಶಬ್ದವೇಧಿಯ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಓದಿಗೆ ಬಲ ಬರುತ್ತದೆ. ಮಹಾಭಾರತದಲ್ಲಿ ಬೇಟೆಗೆ ಹೋದ ಪಾಂಡವರ ನಾಯಿಯು ಏಕಲವ್ಯನನ್ನು ಕಂಡು ಬೊಗಳುತ್ತದೆ. ಅವನು ಅದರ ಬಾಯೊಳಗೆ ಏಳು ಬಾಣಗಳನ್ನು ಸೇರಿಸುತ್ತಾನೆ. ನಾಯಿ ಬೊಗಳಲಾರದು, ಆದರೆ ಸಾಯುವುದಿಲ್ಲ, ಹಾಗೆಯೇ ಯಜಮಾನರ ಬಳಿಗೆ ಮರಳುತ್ತದೆ. ಬಾಣದಿಂದ ಬಾಯಿ ತುಂಬುವ ಕಲ್ಪನೆಯು ಇಲ್ಲಿಯೂ ಇದೆ, ಕಾಳಿದಾಸನಲ್ಲಿಯೂ ಇದೆ; ಆದರೆ ರಾಜನ ಬಾಣಗಳು ಕೊಂದುವು, ಕಾಡಿನ ಹುಡುಗನ ಬಾಣಗಳು ಕೊಲ್ಲಲಿಲ್ಲ. ಫಲವಾಗಿ ಹೆಬ್ಬೆರಳನ್ನು ಕಳೆದುಕೊಂಡವನು ಯಾರೆಂಬುದು ಎಲ್ಲರಿಗೂ ವಿದಿತವೇ. ಕನ್ನಡದಲ್ಲಿ ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಮೂರನೆಯ ಶಬ್ದವೇಧಿಯು ದೊರೆಯುತ್ತದೆ. ರಾಣಿ ಕುಸುಮಾವಳಿಯ ಮುಂದೆ ತನ್ನ ವಿದ್ಯೆಯನ್ನು ಮೆರೆಸಲೆಂದು ಯಶೋಮತಿಯು ಕೂಗಿದ ಕೋಳಿಗಳ ಕಡೆಗೆ ಬಾಣವನ್ನು ಬಿಡುವನು. ಆ ಕೋಳಿಗಳು ಜನ್ಮಾಂತರದಲ್ಲಿ ಅವನ ತಂದೆಯೂ ಅಜ್ಜಿಯೂ ಆಗಿದ್ದುವು. ಜನ್ನನ ಉದ್ದೇಶವು ಅಹಿಂಸೆಯ ಬೋಧೆಯೇ ಸರಿ. ಆದರೂ ಅವನ ಕಥೆಯು ಬಿಲ್ಲುಗಾರನಿಗೆ ತನ್ನ ಗುರಿಯು ಯಾರೆಂದು ತಿಳಿಯದಿರುವುದನ್ನೇ ಕೇಂದ್ರವಾಗಿಟ್ಟುಕೊಂಡಿದೆ.

ವನೇಚರನಿಗೆ ಬಾಯಿ ಕೊಟ್ಟ ಸಂಸ್ಕೃತಕವಿ ಭಾರವಿ. ಕಿರಾತಾರ್ಜುನೀಯವು ಆರಂಭವಾಗುವುದೇ ಒಬ್ಬ ವನೇಚರನು ಯುಧಿಷ್ಠಿರನ ಬಳಿಗೆ ಬಂದು ದುರ್ಯೋಧನನ ಆಡಳಿತವನ್ನು ವರದಿಮಾಡುವುದರಿಂದ. ಹದಿಮೂರನೆಯ ಸರ್ಗದಲ್ಲಿ ಮತ್ತೊಬ್ಬ ವನೇಚರನು ಬರುತ್ತಾನೆ. ಹಂದಿಯ ರೂಪದ ಮೂಕಾಸುರನನ್ನು ಅರ್ಜುನನೂ ಕಿರಾತವೇಷದ ಶಿವನೂ ಒಮ್ಮೆಲೇ ಹೊಡೆದಿರುವರು. ಅರ್ಜುನನು ತನ್ನ ಬಾಣವೆಂದು ಎತ್ತಿಕೊಳ್ಳಹೋದಾಗ, ಇದು ನಮ್ಮ ಒಡೆಯನದೆಂದು ಆ ವನೇಚರನು ವಾದಿಸುತ್ತಾನೆ. ಬೇಟೆಯ ಫಲವು ಯಾರದು? ಈ ಪ್ರಶ್ನೆಯು ಕಾವ್ಯದ ನಡುವೆ ನೇರವಾಗಿ ನಿಂತಿದೆ, ಅದೂ ಪರ್ವತದ ನೆಲದಲ್ಲಿ, ಅದೂ ಬೇಡನ ಬಾಯಿಂದ. ಎರಡೂ ಕಡೆ ವನೇಚರನಿಗೆ ಹೆಸರಿಲ್ಲವೆಂಬುದನ್ನೂ ಗಮನಿಸಬೇಕು. ಗಂಗರ ದುರ್ವಿನೀತನು ಈ ಕಾವ್ಯದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಹಲಸೂರು ಕೃಷ್ಣರಾಜಪುರಗಳನ್ನು ದಾಟಿ ಪೂರ್ವಕ್ಕೆ ಹೋಗುವ ಹಳೆಯ ಮದರಾಸು ರಸ್ತೆಯು ತಲುಪುವ ಕೋಲಾರದ ಸೀಮೆಯಲ್ಲಿಯೇ ಆ ಊರಿದೆ. ಹದಿನೈದನೆಯದು ಚಿತ್ರಬಂಧಗಳ ಸರ್ಗ, ಪಂಡಿತರ ಜಟ್ಟಿಗರಡಿ. ಎರಡೇ ಸರ್ಗ ಹಿಂದಿರುವ ವನೇಚರನ ನ್ಯಾಯವಾದಕ್ಕೆ ಅಷ್ಟು ಆದರವು ದೊರೆಯದೆ ಹೋದುದು ಪಂಡಿತಕುಲದ ಸ್ವಭಾವಕ್ಕೆ ತಕ್ಕುದೇ ಆಗಿದೆ.

ಕನ್ನಡದ ಸ್ಥಿತಿಯು ಸ್ವಲ್ಪ ಭಿನ್ನವಾದುದು. ಹಳಗನ್ನಡ ಕವಿಗಳು ಬೇಂಟೆಯನ್ನು ವರ್ಣಿಸುವಲ್ಲಿ ಅಲಂಕಾರಗಳನ್ನು ಸಂಸ್ಕೃತದಿಂದ ತಂದರೂ, ಕಸುಬಿನ ಮಾತುಗಳನ್ನು ಬೇಡರಿಂದಲೇ ಪಡೆದರು. ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡಮೃಗವನ್ನು ಸೆಳೆಯುವುದಕ್ಕೆ ‘ದೀಹ’, ಮೃಗಗಳನ್ನು ಎಬ್ಬಿಸಿ ಬಿಲ್ಲಿನ ಕಡೆಗೆ ಅಟ್ಟುವುದಕ್ಕೆ ‘ಸೋಹು’. ಇಂಥ ಶಬ್ದಗಳು ಅರಮನೆಯಲ್ಲಿ ಹುಟ್ಟಿದುವಲ್ಲ. ವನೇಚರನ ಹೆಸರು ಕಾವ್ಯದಲ್ಲಿ ಅಳಿದರೂ ಅವನ ನಾಲಗೆ ಉಳಿಯಿತು.

ಶಾಸನದಲ್ಲಾದರೋ ಬೇಟೆಯ ಸಹಾಯಕನ ಹೆಸರೇ ಉಳಿದ ಒಂದು ಉದಾಹರಣೆಯುಂಟು. ಅವನು ಮನುಷ್ಯನಲ್ಲ, ಅಷ್ಟೇ. ದಂಡಿನ ಪ್ರದೇಶದ ಅಂಚಿನಲ್ಲಿ, ಕಸ್ತೂರ್ಬಾ ರಸ್ತೆಯ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಸುಮಾರು 949-50ರದು. ತಕ್ಕೋಲದ ಯುದ್ಧದ ತರುವಾಯ ಗಂಗರ ಬೂತುಗನು ತನ್ನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಡಿದುದನ್ನು ಕೊಡುವೆನೆಂದನು. ಮಣಲೇರನು ಬೇಡಿದುದು ಊರನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಕೆಳಲೆನಾಡಿನ ಬೆಳತೂರಿನ ಬೆಟ್ಟದ ಬಳಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತುವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯನ್ನು ಏರ್ಪಡಿಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಹೋರಾಟವನ್ನು ಕೆತ್ತಿದೆ. ಮಣಲೇರನ ಬಾಣದ ಸುದ್ದಿಯೇ ಅಲ್ಲಿಲ್ಲ. ಬೇಟೆಯ ಯಶಸ್ಸನ್ನು ದೊರೆಗೆ ಒಪ್ಪಿಸದೆ, ಮೃಗವನ್ನು ಹಿಡಿದು ಸತ್ತುದಕ್ಕೇ ಒಪ್ಪಿಸಿದ ಈ ಗದ್ಯವು, ಅನೇಕ ಮೃಗಯಾವರ್ಣನೆಗಳಿಗಿಂತ ಸತ್ಯಕ್ಕೆ ಹತ್ತಿರವಾದುದು. ಇದನ್ನು ಇತಿಹಾಸಕಾರರು ತಕ್ಕೋಲದ ಯುದ್ಧಕ್ಕಾಗಿ ಓದುವರು. ಸಾಹಿತ್ಯದ ಉಪಾಧ್ಯಾಯರು ಬೇಟೆಗಾಗಿ ಓದಬೇಕು.

ಹೊಯ್ಸಳರ ಹುಲಿಯ ಕಥೆಯನ್ನೂ ಇಲ್ಲಿಯೇ ವಿಚಾರಿಸಬಹುದು. ಸೊಸೆವೂರಿನಲ್ಲಿ ಹುಲಿಯು ಮೇಲೆರಗಿದಾಗ ‘ಹೊಯ್ ಸಳ’ ಎಂದು ಆಜ್ಞೆಯಿತ್ತವನು ಸುದತ್ತಮುನಿಯೆಂದು ಸಂಪ್ರದಾಯ. ಹೊಡೆದವನು ಸಳ, ಹೊಡೆಯೆಂದವನು ಮುನಿ, ವಂಶದ ಹೆಸರು ಇಬ್ಬರ ಮಾತುಕೃತಿಗಳಿಂದ ಕೂಡಿಯೇ ಆಯಿತು. ಆ ವಂಶದ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನ ಕಾವ್ಯದಲ್ಲಿಯೂ ಒಬ್ಬ ಸುದತ್ತನಿದ್ದಾನೆ. ಬೇಟೆಗೆ ಹೊರಟ ಯಶೋಮತಿಯು ಅವನ ಮೇಲೆ ನಾಯಿಗಳನ್ನು ಛೂಬಿಟ್ಟರೆ, ಅವು ಮುನಿಯ ಮುಂದೆ ತಲೆಬಾಗಿ ನಿಲ್ಲುವುವು. ಈ ಹೆಸರನ್ನು ಜನ್ನನು ತನಗಿಂತ ಹಿಂದಿನ ಯಶೋಧರಕಥೆಗಳಿಂದ ಪಡೆದವನಾದ ಕಾರಣ, ಸಳನ ಕಥೆಯನ್ನು ನೆನೆದು ಇಟ್ಟನೆಂದು ಸಾಧಿಸುವುದು ಸಾಹಸವಾದೀತು. ಆದರೆ ಒಬ್ಬ ಸುದತ್ತನ ಮಾತಿನಿಂದ ಹುಲಿಯನ್ನು ಕೊಂದ ವಂಶದ ಆಸ್ಥಾನದಲ್ಲಿ, ಇನ್ನೊಬ್ಬ ಸುದತ್ತನ ಮುಂದೆ ಬೇಟೆಯೇ ನಿಂತುಹೋದ ಕಥೆಯನ್ನು ಓದಿದಾಗ ಕೇಳುಗರ ಕಿವಿ ನಿಮಿರದೆ ಇದ್ದಿರಲಾರದು.

ಬಿಲ್ಲು ಹೋಗಿ ಕೋವಿ ಬಂದ ಮೇಲೂ ಹಳೆಯ ಪ್ರಶ್ನೆ ತೀರಲಿಲ್ಲ. ಅದು ಇಂಗ್ಲಿಷ್ ಭಾಷೆಗೆ ಸಾಗಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿದ ಬಳಿಕ ಸುತ್ತಲಿನ ಬೆಟ್ಟಗಾಡುಗಳು ದೊರೆಗಳ ಶಿಕಾರಿಯ ನೆಲವಾದುವು. ಅದರ ಬರವಣಿಗೆಯಲ್ಲಿ ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ಪ್ರಮುಖನು. 1954ರಲ್ಲಿ ಹೊರಬಂದ ಅವನ ಮೊದಲ ಶಿಕಾರಿ ಪುಸ್ತಕದಲ್ಲಿ ಪೂಜಾರಿ ಬೈರನೆಂಬ ಬೇಡನ ಹೆಸರಿನ ಅಧ್ಯಾಯವೇ ಒಂದುಂಟು. ಕಾಡಿನ ಓದನ್ನು ಬೈರನಿಂದ ಕಲಿತೆನೆಂದು ಬರೆದವನು ಸಂಕೋಚಪಡಲಿಲ್ಲ. ಕಾಳಿದಾಸನ ಅರ್ಧ ಶ್ಲೋಕವು ಇಲ್ಲಿ ಪೂರ್ಣ ಅಧ್ಯಾಯವಾದುದು ಸಣ್ಣ ವಿಷಯವಲ್ಲ. ಹಾಗಿದ್ದರೂ ಗುಂಡು ಯಾವಾಗಲೂ ದೊರೆಯದೇ. ಮೆಚ್ಚುಗೆಯಲ್ಲಿ ಯಜಮಾನನ ಧ್ವನಿಯು ಸಂಪೂರ್ಣವಾಗಿ ಮಾಯವಾಗುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆಯು ಭಾಷೆಯದು. ಹಳ್ಳಿಗರು ಕನ್ನಡ ತಮಿಳುಗಳಲ್ಲಿ ಆಡಿದುದು ಪುಸ್ತಕದಲ್ಲಿ ಇಂಗ್ಲಿಷಾಗಿ, ತನ್ನ ಮೊನಚನ್ನು ಕಳೆದುಕೊಂಡಿದೆ.

ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938-2007) ‘ಕಾಡಿನ ಕತೆಗಳು’ ಎಂಬ ನಾಲ್ಕು ಭಾಗಗಳಲ್ಲಿ ಆಂಡರ್ಸನ್ನನ ಕಥೆಗಳನ್ನು ಕನ್ನಡಕ್ಕೆ ತಂದಾಗ ಈ ಕೊರತೆಯು ಬಹುಮಟ್ಟಿಗೆ ನೀಗಿತು. ಪದಕ್ಕೆ ಪದವಿಡುವ ಅನುವಾದವನ್ನು ನಿರೀಕ್ಷಿಸಿದವರು ಆಕ್ಷೇಪಿಸಬಹುದು. ಆದರೆ ಪರಭಾಷೆಗೆ ಹೋಗಿದ್ದ ಮಾತನ್ನು ತೌರಿಗೆ ಕರೆತರುವಾಗ ಪದನಿಷ್ಠೆಗಿಂತ ನೆಲದ ನಿಷ್ಠೆಯೇ ಮೇಲು. ಜಾಲಹಳ್ಳಿಯ ಪ್ರಾಣಿಗೆ ಮೂಲದ ಶಿರೋನಾಮೆಯಲ್ಲಿ ಕೊಲೆಗಡುಕನೆಂಬರ್ಥದ ಹೆಸರು. ಕನ್ನಡದಲ್ಲಿ ಅದು ‘ಜಾಲಹಳ್ಳಿಯ ಕುರ್ಕ’, ಹಳ್ಳಿಗರು ಚಿರತೆಯನ್ನು ಕರೆಯುವ ಮಾತು. ನಾಲ್ಕನೆಯ ಭಾಗದ ಹೆಸರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಈ ಮುನಿಶಾಮಿಯು ಬೈರನಂಥವನಲ್ಲ; ಬೇಟೆಯ ಹುಚ್ಚು ಹಿಡಿದ ಪಟ್ಟಣಿಗರಿಗೆ ದಾರಿತೋರುವೆನೆಂದು ಹೇಳಿ ದುಡ್ಡು ಕೀಳುವ ಬೆಂಗಳೂರಿನ ಚತುರ. ಕಾಡನ್ನು ಓದಲಾರದವನು ಓದಬಲ್ಲವನೆದುರು ಎಷ್ಟು ನಿಸ್ಸಹಾಯನೆಂಬುದನ್ನು ಅವನಷ್ಟು ಚೆನ್ನಾಗಿ ಬೇರಾರೂ ತೋರಿಸಲಾರರು. ಭಾರವಿಯ ವನೇಚರನು ಒಡೆಯನಿಗಾಗಿ ಬಾಣವನ್ನು ಕೇಳಿದನು. ಇವನು ತನಗಾಗಿಯೇ ಕೂಲಿಯನ್ನು ಕೇಳುತ್ತಾನೆ. ಪುಸ್ತಕದ ಹೊದಿಕೆಯ ಮೇಲೆ ಅವನ ಹೆಸರು ಚಿರತೆಗಿಂತಲೂ ಮುಂದೆ ಇದೆ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಬಳಿಕ ಇಂಥ ಬೇಟೆಯು ಭಾರತದಲ್ಲಿ ಅಪರಾಧವಾಗಿ, ಉಳಿದುದು ಅದರ ಬರವಣಿಗೆ ಮಾತ್ರ. ‘ದೀಹ’, ‘ಸೋಹು’ಗಳಂಥ ಶಬ್ದಗಳಿಗೆ ಸಂಪಾದಕರು ನಿಘಂಟಿನಿಂದ ಒಂದು ಪರ್ಯಾಯಪದವನ್ನು ಕೊಟ್ಟು ತೃಪ್ತರಾಗುವುದು ಇನ್ನೂ ನಡೆದಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಲ್ಲಿಯೂ ನಾಗರಹೊಳೆಯ ಜೇನುಕುರುಬರಲ್ಲಿಯೂ ಹೆಜ್ಜೆ, ಗಾಳಿ, ಮಡುಗಳನ್ನು ಕುರಿತ ಮಾತುಗಳು ಬಳಕೆಯಲ್ಲಿರುವಾಗಲೇ ಅವನ್ನು ಸಂಗ್ರಹಿಸಿ, ಹಳಗನ್ನಡದ ಬೇಂಟೆಯ ಪದ್ಯಗಳೊಡನೆ ಹೋಲಿಸಿ ಅರ್ಥವನ್ನು ನಿರ್ಣಯಿಸುವ ಕೆಲಸವು ಬಾಕಿಯಿದೆ.