ನೀಲಿ ಇಳಿದರೆ ಹಸಿರು

‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ (2004) ಸಿನಿಮಾದ ಬಗ್ಗೆ ಬರೆದವರು ಕ್ಲೆಮಂಟೈನ್‌ಳ ಕೂದಲಿನ ಬಗ್ಗೆ ಒಂದು ವಾಕ್ಯವನ್ನಾದರೂ ಬರೆದಿರುತ್ತಾರೆ. ಆ ವಾಕ್ಯ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಕಥೆ ಹಿಂದೆ ಮುಂದೆ ಓಡಾಡುತ್ತದೆ, ನೋಡುವವರಿಗೆ ಕಾಲದ ಜಾಡು ತಪ್ಪಬಾರದು, ಅದಕ್ಕೇ ಅವಳ ತಲೆಗೆ ಒಂದೊಂದು ಘಟ್ಟಕ್ಕೆ ಒಂದೊಂದು ಬಣ್ಣ. ಹಸಿರು ಮೊದಲ ಭೇಟಿಗೆ, ಕೆಂಪು ಪ್ರೀತಿಯ ಏರುಗಾಲಕ್ಕೆ, ಕಿತ್ತಳೆ ಜಗಳದ ದಿನಗಳಿಗೆ, ನೀಲಿ ಎಲ್ಲವನ್ನೂ ಅಳಿಸಿಕೊಂಡ ನಂತರಕ್ಕೆ. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇದ್ದ ಹಾಗೆ. ಎಂ.ಎ. ಓದುವಾಗ ಸೆಮಿನಾರಿಗೆ ನಾನೂ ಹೀಗೇ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಕಳೆದ ವರ್ಷ ಸಲೂನಿನ ಕುರ್ಚಿಯಲ್ಲಿ ನಾಲ್ಕೂವರೆ ಗಂಟೆ ಕೂತು ಎದ್ದ ಮೇಲೆ ಆ ಅಂಕಗಳನ್ನು ವಾಪಸು ಕೊಡಬೇಕು ಅನಿಸುತ್ತಿದೆ.

ಸಿನಿಮಾ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಜೋಯೆಲ್ ಮತ್ತು ಕ್ಲೆಮಂಟೈನ್ ಸುಮಾರು ಎರಡು ವರ್ಷ ಜೊತೆಗಿದ್ದು ಬೇರೆಯಾಗುತ್ತಾರೆ. ಅವಳು ಲಕೂನಾ ಎಂಬ ಕ್ಲಿನಿಕ್ಕಿಗೆ ಹೋಗಿ ಅವನ ನೆನಪನ್ನೆಲ್ಲ ಅಳಿಸಿಕೊಳ್ಳುತ್ತಾಳೆ. ವಿಷಯ ತಿಳಿದ ಜೋಯೆಲ್ ಹಟಕ್ಕೆ ಬಿದ್ದು ತಾನೂ ಅಲ್ಲಿಗೇ ಹೋಗುತ್ತಾನೆ. ಒಂದು ರಾತ್ರಿ ಅವನು ಮಲಗಿರುವಾಗ ಅವಳ ನೆನಪುಗಳು ಇತ್ತೀಚಿನದರಿಂದ ಹಳೆಯದರ ಕಡೆಗೆ ಒಂದೊಂದಾಗಿ ಅಳಿಯುತ್ತ ಹೋಗುತ್ತವೆ, ಅರ್ಧದಲ್ಲಿ ಅವನಿಗೆ ಇದು ಬೇಡವೆನಿಸುತ್ತದೆ. ಚಿತ್ರಕಥೆ ಚಾರ್ಲಿ ಕಾಫ್‌ಮನ್‌ನದು, ಅದಕ್ಕೆ ಆಸ್ಕರ್ ಬಂತು. ನಿರ್ದೇಶನ ಮಿಶೆಲ್ ಗಾಂಡ್ರಿ. ಹೆಸರು ಬಂದದ್ದು ಅಲೆಕ್ಸಾಂಡರ್ ಪೋಪ್ 1717ರಲ್ಲಿ ಪ್ರಕಟಿಸಿದ ಕವಿತೆಯಿಂದ.

ಇನ್ನು ಸಲೂನಿಗೆ ಬರೋಣ. ನನಗೆ ಬೇಕಿದ್ದದ್ದು ನವಿಲುಗರಿಯಲ್ಲಿ ಕಾಣುವಂಥ ನೀಲಿ, ತುದಿಯ ಒಂದು ಗೇಣಿಗೆ ಮಾತ್ರ. ಡಬ್ಬಿ ತೆರೆದು ಬಳಿಯುತ್ತಾರೆ, ಒಣಗಿಸುತ್ತಾರೆ, ಮುಗಿಯಿತು ಅಂದುಕೊಂಡಿದ್ದೆ. ಹಾಸನದ ಕಡೆಯ ಆ ಹುಡುಗಿ ನನ್ನ ಜಡೆ ಬಿಚ್ಚಿ, ಒಂದು ಎಳೆಯನ್ನು ಬೆಳಕಿಗೆ ಹಿಡಿದು, “ಮೇಡಂ, ಕಪ್ಪಿನ ಮೇಲೆ ನೀಲಿ ಹಾಕಿದ್ರೆ ಕಾಣಲ್ಲ. ಮೊದಲು ಇರೋದನ್ನ ತೆಗೀಬೇಕು” ಅಂದಳು. ಇಂಥ ಎದ್ದು ಕಾಣುವ ಬಣ್ಣಗಳ ವಿಚಾರದಲ್ಲಿ ಹಾಕುವುದು ಎಂದರೆ ಮೊದಲು ತೆಗೆಯುವುದು. ಬ್ಲೀಚ್ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಇರುವ ಡೆವಲಪರ್‌ನಲ್ಲಿ ಕಲಸುತ್ತಾರೆ. ಅವರ ಮಾತಿನಲ್ಲಿ 20 ವಾಲ್ಯೂಮ್ ಅಂದರೆ ಶೇಕಡಾ 6ರಷ್ಟು ಪೆರಾಕ್ಸೈಡ್, 30 ಅಂದರೆ ಶೇಕಡಾ 9. ಅದು ಕೂದಲಿನ ಹೊರಗಿನ ಪದರವನ್ನು ಬಿಡಿಸಿ ಒಳಗೆ ಹೋಗಿ ಅಲ್ಲಿನ ಮೆಲನಿನ್ ಅನ್ನು ಒಡೆಯುತ್ತದೆ. ಕಪ್ಪು ಒಮ್ಮೆಗೇ ಬಿಳಿಯಾಗುವುದಿಲ್ಲ. ಮೊದಲು ಕೆಂಗಂದು, ಆಮೇಲೆ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ತಿಳಿ ಹಳದಿ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಸಲೂನಿನವರು ಕೊಡುವ ಉಪಮೆ ನನಗೆ ಬಹಳ ಹಿಡಿಸಿತು: ಬಾಳೆಹಣ್ಣಿನ ಸಿಪ್ಪೆಯ ಒಳಮೈ. ಅದಕ್ಕಿಂತ ಮುಂದೆ ಹೋದರೆ ಒದ್ದೆ ಕೂದಲು ರಬ್ಬರಿನಂತೆ ಎಳೆದುಕೊಂಡು ಬರುತ್ತದೆ.

ನೀಲಿಯ ಸರದಿ ಆಮೇಲೆ. ಅದಕ್ಕೆ ಡೆವಲಪರ್ ಬೇಡ. ಮನೆಯಲ್ಲಿ ಹಚ್ಚುವ ಸಾಧಾರಣ ಕಪ್ಪು ಡೈ ಕೂದಲಿನ ಒಳಗೆ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬಣ್ಣ. ಈ ನೀಲಿ, ಗುಲಾಬಿ, ಹಸಿರುಗಳು ಡಬ್ಬಿಯಲ್ಲೇ ಬಣ್ಣವಾಗಿರುತ್ತವೆ. ಬ್ಲೀಚ್ ಆದ ಕೂದಲಿಗೆ ಅಂಟಿಕೊಂಡು, ಅದು ಮಾಡಿದ ತೂತುಗಳಲ್ಲಿ ಸುಮ್ಮನೆ ಕೂರುತ್ತವೆ, ಪ್ರತಿ ಸ್ನಾನಕ್ಕೂ ಒಂದಿಷ್ಟು ಹೊರಡುತ್ತವೆ. ಸೀರೆ ಅಂಗಡಿಯಲ್ಲಿ ನಮ್ಮ ಅಮ್ಮಂದಿರು ಕೇಳುವ ‘ಬಣ್ಣ ಬಿಡುತ್ತಾ?’ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ. ಬಿಡುತ್ತದೆ. ನನ್ನ ದಿಂಬಿನ ಕವರು, ಟವೆಲ್ಲು, ಹಾಸ್ಟೆಲಿನ ಬಚ್ಚಲಿನ ಬಿಳಿ ಟೈಲ್ಸಿನ ಸಂದು ಎಲ್ಲವೂ ಆರು ವಾರ ನೀಲಿಯಾಗಿದ್ದವು. ಆದರೆ ಪೂರ್ತಿ ಬಿಡುವುದಿಲ್ಲ, ಅದೇ ತೊಡಕು. ಅಡಿಯಲ್ಲಿರುವ ಹಳದಿ ಮೇಲೆ ಬರುತ್ತದೆ, ಉಳಿದ ನೀಲಿ ಅದರೊಂದಿಗೆ ಸೇರಿ ಹಸಿರಾಗುತ್ತದೆ.

ಈ ಹಸಿರನ್ನು ಕನ್ನಡಿಯಲ್ಲಿ ನೋಡಿಕೊಂಡ ದಿನ ನನಗೆ ಕ್ಲೆಮಂಟೈನ್ ನೆನಪಾದಳು.

ಸಿನಿಮಾದ ಆರಂಭದಲ್ಲಿ ನಾವು ನೋಡುವ ಕ್ಲೆಮಂಟೈನ್ ನೀಲಿ ಕೂದಲಿನವಳು. ರೈಲಿನಲ್ಲಿ ಅಪರಿಚಿತನಂತೆ ಕೂತ ಜೋಯೆಲ್ ಜೊತೆ ತಾನೇ ಮಾತು ಶುರುಮಾಡಿ, ತನ್ನ ಬಣ್ಣದ ಹೆಸರು ‘ಬ್ಲೂ ರೂಯಿನ್’ ಎಂದು ಹೇಳುತ್ತಾಳೆ. ‘ರೆಡ್ ಮೆನೇಸ್’, ‘ಗ್ರೀನ್ ರೆವಲ್ಯೂಷನ್’, ‘ಏಜೆಂಟ್ ಆರೆಂಜ್’ ಕೂಡ ಆ ಮಾತಿನಲ್ಲಿ ಬರುತ್ತವೆ. ಇಂಥ ಹೆಸರಿಡುವ ಚಪಲ ಕಾಫ್‌ಮನ್‌ನ ಕಲ್ಪನೆ ಮಾತ್ರವಲ್ಲ. ಟಿಶ್ ಮತ್ತು ಸ್ನೂಕಿ ಬೆಲೊಮೊ ಎಂಬ ಅಕ್ಕತಂಗಿಯರು 1977ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಸ್‌ನಲ್ಲಿ ‘ಮ್ಯಾನಿಕ್ ಪ್ಯಾನಿಕ್’ ಅಂಗಡಿ ತೆರೆದು ಪಂಕ್ ಹುಡುಗ ಹುಡುಗಿಯರಿಗೆ ಬಣ್ಣ ಮಾರತೊಡಗಿದಾಗಿನಿಂದ ಡಬ್ಬಿಯ ಮೇಲಿನ ಹೆಸರೂ ಸರಕಿನ ಭಾಗವೇ. ಆದರೆ ಸಿನಿಮಾದ ಹೆಸರುಗಳ ರುಚಿಯೇ ಬೇರೆ. ‘ಬ್ಲೂ ರೂಯಿನ್’ ಹಳೆಯ ಇಂಗ್ಲೆಂಡಿನಲ್ಲಿ ಅಗ್ಗದ ಜಿನ್‌ಗೆ ಇದ್ದ ಆಡುಮಾತು. ‘ರೆಡ್ ಮೆನೇಸ್’ ಕಮ್ಯುನಿಸ್ಟರ ಬಗೆಗಿನ ಭಯ. ‘ಏಜೆಂಟ್ ಆರೆಂಜ್’ ವಿಯೆಟ್ನಾಂ ಕಾಡುಗಳ ಎಲೆ ಉದುರಿಸಲು ಅಮೆರಿಕ ಸುರಿದ ವಿಷ, ಗಿಡಮರಗಳ ತಲೆ ಬೋಳಿಸಿದ ರಾಸಾಯನಿಕ. ‘ಹಸಿರು ಕ್ರಾಂತಿ’ಯ ಹೆಸರನ್ನು ನಮ್ಮಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ಅವಳು ತಮಾಷೆಗೆ ಹೇಳುವ ಈ ಹೆಸರುಗಳಲ್ಲಿ ಹೆಚ್ಚಿನವು ಸುಲಭವಾಗಿ ಅಳಿಯದ ಹಾನಿಯ ಹೆಸರುಗಳು.

ಈಗ ಬಣ್ಣಗಳನ್ನು ಕಥೆಯ ನಿಜವಾದ ಕ್ರಮದಲ್ಲಿ ಇಟ್ಟು, ಕೂದಲ ಕೆಲಸ ಬಲ್ಲವರ ಕಣ್ಣಿನಿಂದ ನೋಡಬೇಕು. ಮಾಂಟಾಕ್ ಕಡಲತೀರದ ಮೊದಲ ಭೇಟಿಯಲ್ಲಿ ಹಸಿರು. ನಂತರ ಕೆಂಪು. ಹಸಿರಿನ ಮೇಲೆ ನೇರವಾಗಿ ಕೆಂಪು ಬಳಿದರೆ ಎರಡೂ ಒಂದನ್ನೊಂದು ಕೊಂದು ಕೆಸರುಗಂದು ಆಗುತ್ತದೆ. ಅಷ್ಟು ಹೊಳೆಯುವ ಕೆಂಪು ಬೇಕಾದರೆ ಅವಳು ಮೊದಲು ಹಸಿರನ್ನು ತೆಗೆಸಿರಲೇಬೇಕು. ಕೆಂಪಿನಿಂದ ಕಿತ್ತಳೆಗೆ ಬರಲು ಮಾತ್ರ ಏನೂ ಮಾಡಬೇಕಿಲ್ಲ. ಹಳದಿ ತಳದ ಮೇಲಿನ ಕೆಂಪು ಸೋಪು ನೀರಿಗೆ ಇಳಿಯುತ್ತ ತಾನೇ ಕಿತ್ತಳೆಯ ಕಡೆಗೆ ಜಾರುತ್ತದೆ. ಜಗಳದ ದಿನಗಳ ಅವಳ ತಲೆಯನ್ನು ನೋಡಿ: ಅದು ಹೊಸದಾಗಿ ಆರಿಸಿಕೊಂಡ ಬಣ್ಣವಾಗಿರಬೇಕಿಲ್ಲ, ಯಾರೂ ಆರೈಕೆ ಮಾಡದ ಕೆಂಪು ಇರಬಹುದು. ಒಟ್ಟಿಗೆ ಕೂತು ಊಟ ಮಾಡುತ್ತಲೇ ಮಾತು ಸತ್ತುಹೋದ ಆ ಜೋಡಿಗೆ ಇದಕ್ಕಿಂತ ಒಪ್ಪುವ ಬಣ್ಣ ಯಾವುದು? ಕಿತ್ತಳೆಯಿಂದ ನೀಲಿಗೆ ಹೋಗುವುದು ಮತ್ತೆ ಕಷ್ಟದ ದಾರಿ, ಏಕೆಂದರೆ ಈ ಎರಡೂ ಪರಸ್ಪರ ವಿರುದ್ಧ ಬಣ್ಣಗಳು. ಮತ್ತೊಮ್ಮೆ ಬ್ಲೀಚ್, ಮತ್ತೊಮ್ಮೆ ಗಂಟೆಗಟ್ಟಲೆ ಕುರ್ಚಿ. ಕಿತ್ತಳೆಗೂ ನೀಲಿಗೂ ನಡುವೆ ಅವಳು ಎರಡು ಕಡೆ ತಲೆ ಒಡ್ಡಿದ್ದಾಳೆ. ಸಿನಿಮಾ ಒಂದನ್ನು ಹೇಳುತ್ತದೆ, ಇನ್ನೊಂದನ್ನು ನಾವೇ ಊಹಿಸಬೇಕು.

ಲಕೂನಾದ ನಿಯಮ ಗೊತ್ತಲ್ಲ, ಆ ವ್ಯಕ್ತಿಗೆ ಸಂಬಂಧಿಸಿದ ಪ್ರತಿಯೊಂದು ವಸ್ತುವನ್ನೂ ಚೀಲದಲ್ಲಿ ತುಂಬಿ ತಂದುಕೊಡಬೇಕು. ಕಪ್ಪು, ಫೋಟೋ, ಡೈರಿ, ಏನೂ ಮನೆಯಲ್ಲಿ ಉಳಿಯಬಾರದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಭುಜಕ್ಕೆ ಬರುವ ಕೂದಲಿನ ತುದಿ ಎರಡು ವರ್ಷಕ್ಕಿಂತ ಹಳೆಯದು. ಜೋಯೆಲ್‌ನನ್ನು ಕಂಡ ದಿನ ಅವಳ ಬುಡದಲ್ಲಿದ್ದ ಕೂದಲು, ಅವನನ್ನು ಮರೆತ ದಿನ ತುದಿಯಲ್ಲಿ ತೂಗುತ್ತಿತ್ತು. ಡಾಕ್ಟರ್ ಮರ್ಜ್ವಿಯಾಕ್‌ನ ಯಂತ್ರಕ್ಕೆ ಅದು ಕಾಣುವುದಿಲ್ಲ.

‘ಮ್ಯಾನಿಕ್ ಪಿಕ್ಸಿ ಡ್ರೀಮ್ ಗರ್ಲ್’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳೂ ಈಗ ಧಾರಾಳವಾಗಿ ಬಳಸುತ್ತಾರೆ. ಮಂಕಾದ ಹುಡುಗನ ಬದುಕಿಗೆ ಬಣ್ಣ ತುಂಬಲೆಂದೇ ಬರುವ ಚಂಚಲ ಹುಡುಗಿ ಎಂಬ ಅರ್ಥದಲ್ಲಿ ನೇಥನ್ ರಾಬಿನ್ 2007ರಲ್ಲಿ ಬೇರೊಂದು ಸಿನಿಮಾದ ಪಾತ್ರಕ್ಕೆ ಕೊಟ್ಟ ಹೆಸರು ಅದು. (ಆ ಪಾತ್ರ ಮಾಡಿದ್ದ ಕರ್ಸ್ಟನ್ ಡನ್ಸ್ಟ್ ಇಲ್ಲಿ ಲಕೂನಾದ ಮೇರಿ. ತನ್ನದೇ ನೆನಪು ಅಳಿಸಿಹೋಗಿರುವುದು ಗೊತ್ತಿಲ್ಲದೆ ಅದೇ ಡಾಕ್ಟರನ್ನು ಮತ್ತೆ ಪ್ರೀತಿಸುವವಳು.) ಕ್ಲೆಮಂಟೈನ್ ತಾನು ಯಾರ ಉದ್ಧಾರಕ್ಕೂ ಬಂದವಳಲ್ಲ ಎಂದು ಜೋಯೆಲ್‌ಗೆ ನೇರವಾಗಿಯೇ ಹೇಳುತ್ತಾಳೆ. ಆದರೂ ಅವಳ ಬಣ್ಣವನ್ನು ವಿಮರ್ಶಕರು ಅವಳ ‘ಚಂಚಲತೆ’ಯ ಗುರುತಾಗಿ ಓದುವುದನ್ನು ಬಿಟ್ಟಿಲ್ಲ. ನಾಲ್ಕು ಬಣ್ಣ ಬದಲಿಸಿದವಳು ಚಂಚಲೆ ಎನ್ನುವವರು ಒಂದು ಸಲ ತಮ್ಮ ತಲೆಗೆ ಬ್ಲೀಚ್ ಹಾಕಿಸಿಕೊಂಡು ನೆತ್ತಿ ಉರಿಯುತ್ತ ಕೂತು ನೋಡಲಿ. ಅದು ತಾಳ್ಮೆಯ ಕೆಲಸ.

ಬಣ್ಣ ತೆಗೆಯುವುದರ ಬಗ್ಗೆ ಯೋಚಿಸುವಾಗ ಸಾಹಿತ್ಯದಲ್ಲಿ ಮೊದಲು ನೆನಪಾಗುವುದು ಎಲ್.ಎಂ. ಮಾಂಟ್ಗೊಮರಿಯ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908). ಕೆಂಪು ಕೂದಲಿನ ಅನಾಥ ಹುಡುಗಿ ಆ್ಯನ್‌ಗೆ ಕಾಗೆಗಪ್ಪು ಕೂದಲಿನ ಆಸೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿಯಿಂದ 75 ಸೆಂಟಿನ ಸೀಸೆಯನ್ನು ಕೈಲಿದ್ದ 50 ಸೆಂಟಿಗೆ ಕೊಂಡು ಹಚ್ಚಿಕೊಳ್ಳುತ್ತಾಳೆ, ಕೂದಲು ಹಸಿರಾಗುತ್ತದೆ. ಒಂದು ವಾರ ಮನೆಯಿಂದ ಹೊರಗೆ ಕಾಲಿಡದೆ ತಿಕ್ಕಿ ತಿಕ್ಕಿ ತೊಳೆದರೂ ಹೋಗುವುದಿಲ್ಲ. ಕೊನೆಗೆ ಸಾಕುತಾಯಿ ಮರಿಲಾ ಕತ್ತರಿ ತರುತ್ತಾಳೆ. ಆ ಅಧ್ಯಾಯವನ್ನು ಹಾಸ್ಯವೆಂದು ಓದುತ್ತೇವೆ, ಹಾಸ್ಯವೇ ಹೌದು. ಆದರೆ ಇಂದಿನ ಸಲೂನಿನಲ್ಲೂ ನೀಲಿ ಹಸಿರುಗಳನ್ನು ಪೂರ್ತಿ ತೆಗೆಯಲು ಖಾತ್ರಿಯ ದಾರಿ ಮರಿಲಾಳದೇ. ಸಾಧಾರಣ ಡೈಯನ್ನು ಬಿಡಿಸುವ ರಿಮೂವರ್‌ಗಳು ಈ ಬಣ್ಣಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಶಾಂಪೂ ಬೆರೆಸಿದ ತೆಳು ಬ್ಲೀಚಿನಲ್ಲಿ ಒಂದಿಷ್ಟು ಹೋಗುತ್ತದೆ, ಹಟಮಾರಿ ಹಸಿರು ಉಳಿಯುತ್ತದೆ. ಉಳಿದದ್ದನ್ನು ಅದರ ವಿರುದ್ಧ ಬಣ್ಣವಾದ ಕೆಂಪು ಸೇರಿಸಿದ ಕಂದಿನಿಂದ ಮುಚ್ಚುತ್ತಾರೆ.

ಮರಿಲಾಳ ಕತ್ತರಿಯಿಂದ ಮುಂದಕ್ಕೆ ಕನ್ನಡದ ಓದುಗಳಿಗೆ ಯೋಚನೆ ಒಂದೇ ಕಡೆ ಹೋಗುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ (1976) ಬಾಲವಿಧವೆಯ ತಲೆ ಬೋಳಿಸಲು ಕಾಯುವ ಊರು, ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಯಮುನಕ್ಕ. ನಮ್ಮ ಕಥನದಲ್ಲಿ ಹೆಣ್ಣಿನ ಕೂದಲಿನ ಮೇಲೆ ಬಿದ್ದ ಕೈ ಅವಳದಲ್ಲ. ದಾಕ್ಷಾಯಣಿ ತಲೆ ಕೊಡುವುದಿಲ್ಲ ಎಂದಾಗ ಬೋಳುತಲೆಯ ಫಣಿಯಮ್ಮನೇ ಅವಳ ಪರ ನಿಲ್ಲುವುದು ಆ ಕಾದಂಬರಿಯ ದೊಡ್ಡ ಗಳಿಗೆ. ಕ್ಷೌರದ ಕತ್ತಿಯನ್ನೂ ಹೇರ್ ಕಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೂರ್ಖತನ ನನಗಿಲ್ಲ. ಆದರೂ ಬಣ್ಣ ತೆಗೆಸಲು ನಾನು ಸಲೂನಿಗೆ ಹೋದದ್ದು ನನ್ನ ಇಷ್ಟದಿಂದಲೇ ಎಂದು ಹೇಳಲಾರೆ. ಅತಿಥಿ ಉಪನ್ಯಾಸಕರ ಸಂದರ್ಶನವೊಂದಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಹಿರಿಯರೊಬ್ಬರು “ಪಾಠ ಮಾಡೋರಲ್ವಾ, ತಲೆ ಕಡೆ ಸ್ವಲ್ಪ ನೋಡ್ಕೊಳಮ್ಮ” ಅಂದರು, ಅಷ್ಟೆ. ಕೂದಲ ರಾಜಕಾರಣದ ಬಗ್ಗೆ ಲೇಖನ ಬರೆಯಬಲ್ಲ ನಾನು ಮರುದಿನವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

“ಹಳೇ ಕಪ್ಪು ವಾಪಸ್ ಬರುತ್ತಾ?” ಎಂದು ಕೇಳಿದೆ. ಅದೇ ಹಾಸನದ ಹುಡುಗಿ. “ಬರಲ್ಲ ಮೇಡಂ. ಇದು ತೆಗೆಯೋದಲ್ಲ, ಮುಚ್ಚೋದು. ಹೊಸದು ಬುಡದಿಂದ ಬರಬೇಕು.”

‘ಎಟರ್ನಲ್ ಸನ್‌ಶೈನ್’ಗೆ ಈ ಮಾತು ಗೊತ್ತಿತ್ತೇ? ಚಿತ್ರೀಕರಣಕ್ಕೆ ಕೇಟ್ ವಿನ್ಸ್ಲೆಟ್ ಬಳಸಿದ್ದು ವಿಗ್‌ಗಳನ್ನು. ದೃಶ್ಯಗಳನ್ನು ಕ್ರಮ ತಪ್ಪಿಸಿ ತೆಗೆಯುವಾಗ ಇವತ್ತು ನೀಲಿ ನಾಳೆ ಕೆಂಪು ಆಗಲು ನಿಜವಾದ ತಲೆಗೆ ಸಾಧ್ಯವಿಲ್ಲ. ಗುರುತು ಉಳಿಸದೆ ಬಣ್ಣ ಕಳಚಬಹುದಾದದ್ದು ವಿಗ್ಗಿನಲ್ಲಿ ಮಾತ್ರ, ಲಕೂನಾ ಮಾರುವ ಭರವಸೆಯೂ ಅಂಥದ್ದೇ. ಕಾಫ್‌ಮನ್‌ನ ಕಥೆ ಆ ಭರವಸೆಯನ್ನು ಒಂದೊಂದೇ ಪಾತ್ರದ ಮೂಲಕ ಒಡೆಯುತ್ತ ಹೋಗುತ್ತದೆ. ಕೂದಲು ಅದನ್ನು ಮೊದಲ ದೃಶ್ಯಗಳಲ್ಲೇ ಒಡೆದಿರುತ್ತದೆ ಎನ್ನುವುದು ನನ್ನ ಓದು. ರೈಲಿನಲ್ಲಿ ಕೂತ ನೀಲಿ ಕ್ಲೆಮಂಟೈನ್‌ಳನ್ನು ಹೊಸ ಹುಡುಗಿ ಎಂದು ಮೊದಲ ಸಲ ನೋಡುವಾಗ ನಂಬುತ್ತೇವೆ. ಎರಡನೇ ಸಲ ನೋಡುವಾಗ, ಇದು ಎರಡನೇ ಸುತ್ತು ಎಂದು ಗೊತ್ತಿರುತ್ತದೆ. ಬಣ್ಣದ ಕೆಲಸ ಗೊತ್ತಿದ್ದರೆ ಇನ್ನೂ ಒಂದು ಕಾಣುತ್ತದೆ. ಆ ನೀಲಿಯನ್ನು ಸುಮ್ಮನೆ ಬಿಟ್ಟರೆ ಕೆಲವು ವಾರಗಳಲ್ಲಿ ಹಸಿರಾಗುತ್ತದೆ, ಹಸಿರು ಅವರಿಬ್ಬರೂ ಮೊಟ್ಟಮೊದಲು ಭೇಟಿಯಾದ ದಿನದ ಬಣ್ಣ. ಹಾಗಾದರೆ ಆ ಮೊದಲ ಹಸಿರು ಯಾವ ನೀಲಿಯ ಉಳಿಕೆ, ಅದಕ್ಕೂ ಮೊದಲು ಯಾರಿದ್ದರು ಎಂಬ ಪ್ರಶ್ನೆಗೆ ಸಿನಿಮಾ ಉತ್ತರ ಕೊಡುವುದಿಲ್ಲ. ಕೊನೆಯಲ್ಲಿ ಇಬ್ಬರೂ ತಮ್ಮ ತಮ್ಮ ಟೇಪುಗಳನ್ನು ಕೇಳಿಸಿಕೊಂಡು, ಮುಂದೆ ಏನಾಗುತ್ತದೆ ಎಂದು ತಿಳಿದೂ ಸರಿ ಅನ್ನುತ್ತಾರೆ. ಆ ‘ಸರಿ’ಯನ್ನು ಬಹಳ ಜನ ಆಶಾವಾದ ಎನ್ನುತ್ತಾರೆ. ನನಗದು ಬ್ಲೀಚ್ ಆದ ಕೂದಲಿಗೆ ಮತ್ತೆ ಬಣ್ಣ ಹಾಕಿಸಲು ಕೂತವಳ ಸರಿಯಂತೆ ಕೇಳಿಸುತ್ತದೆ. ಎಷ್ಟು ಉಳಿಯುತ್ತದೆ, ಯಾವುದಕ್ಕೆ ತಿರುಗುತ್ತದೆ ಎಂಬುದು ಅವಳಿಗೆ ಗೊತ್ತು.

ನನ್ನ ಕಂದು ಸಂದರ್ಶನದ ದಿನಕ್ಕೆ ಚೆನ್ನಾಗಿಯೇ ಇತ್ತು, ಕೆಲಸವೂ ಸಿಕ್ಕಿತು. ಐದನೇ ವಾರ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, “ಮಿಸ್, ನಿಮ್ಮ ಜಡೆ ತುದಿ ಹಸಿರಾಗಿದೆ” ಅಂದಳು.