ಆಕಾಶವಾಣಿಯ ಟ್ಯೂನು ಕಟ್ಟಿದ ಯಹೂದಿ

ಮನೆಯಲ್ಲಿ ಹಿರಿಯರಿದ್ದರೆ ಒಂದು ಸಲ ಕೇಳಿ ನೋಡಿ. ಬೆಳಿಗ್ಗೆ ರೇಡಿಯೋದಲ್ಲಿ ಮಾತು ಶುರುವಾಗುವ ಮುಂಚೆ ಒಂದು ಟ್ಯೂನ್ ಬರುತ್ತಿತ್ತಲ್ಲ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನಿಧಾನಕ್ಕೆ ಏಳುವಂಥದ್ದು, ಅದನ್ನು ಮಾಡಿದವರು ಯಾರು ಅಂತ. ಗುನುಗಿ ತೋರಿಸುತ್ತಾರೆ, ಹೆಸರು ಮಾತ್ರ ಹೇಳಲಾರರು. ಫಜ್ರ್ ನಮಾಜ್ ಮುಗಿಸಿ ಚಹಾಕ್ಕೆ ಕೂತವರ ಕಿವಿಗೂ, ಸುಪ್ರಭಾತ ಮುಗಿಸಿ ಕಾಫಿಗೆ ಕೂತವರ ಕಿವಿಗೂ ಒಂದೇ ಹೊತ್ತಿಗೆ ಬಿದ್ದ ಟ್ಯೂನ್ ಅದು. ಆಕಾಶವಾಣಿ ಎಂಬ ಹೆಸರು ಮೈಸೂರಿನದು, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ನಿಲಯದ್ದು ಎಂದು ನಾವು ಕನ್ನಡಿಗರು ಹೆಮ್ಮೆಯಿಂದ ಹೇಳುತ್ತೇವೆ. ಹೆಸರು ನಮ್ಮದು, ಸರಿ. ಟ್ಯೂನ್ ಮಾತ್ರ ವಾಲ್ಟರ್ ಕೌಫ್‌ಮನ್ ಅವರದೆಂದು ಸಾಮಾನ್ಯವಾಗಿ ಒಪ್ಪಿಕೊಂಡ ಮಾತು. ಅವರು ಯಹೂದಿ. ಹಿಟ್ಲರನಿಂದ ತಪ್ಪಿಸಿಕೊಂಡು 1934ರಲ್ಲಿ ಮುಂಬೈಗೆ ಬಂದವರು.

ಈಗ ಅವರ ಆರ್ಕೆಸ್ಟ್ರಾ ಕೃತಿಗಳನ್ನು ಬರ್ಲಿನ್ ರೇಡಿಯೋ ಸಿಂಫನಿ ಆರ್ಕೆಸ್ಟ್ರಾ, ಡೇವಿಡ್ ರಾಬರ್ಟ್ ಕೋಲ್‌ಮನ್ ಅವರ ನಿರ್ದೇಶನದಲ್ಲಿ ನುಡಿಸಿ ಧ್ವನಿಮುದ್ರಿಸಿದೆ. ಪಿಯಾನೋದಲ್ಲಿ ಎಲಿಸಾವೆಟಾ ಬ್ಲುಮಿನಾ. ಮೂರನೇ ಪಿಯಾನೋ ಕಾನ್ಸರ್ಟೋ, ಮೂರನೇ ಸಿಂಫನಿ, 1943ರ 'ಇಂಡಿಯನ್ ಸಿಂಫನಿ', ಆರು ಭಾರತೀಯ ಕಿರುಕೃತಿಗಳು: ಒಂದು ಸಂಜೆಯ ಕಚೇರಿಗೆ ಸಾಕಾಗುವಷ್ಟು. ಅದಕ್ಕೂ ಮೊದಲು, 2020ರಲ್ಲಿ, ಟೊರಾಂಟೊದ ಎ.ಆರ್.ಸಿ. ಎನ್‌ಸೆಂಬಲ್ ಅವರ ಚೇಂಬರ್ ಕೃತಿಗಳನ್ನು, ಅಂದರೆ ನಾಲ್ಕಾರು ವಾದ್ಯಗಳಿಗೆ ಬರೆದವನ್ನು, ಹೊರತಂದಿತ್ತು. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟವರ ಸಂಗೀತವನ್ನು ಹುಡುಕಿ ನುಡಿಸುವ ಕೆಲಸವನ್ನು ಆ ತಂಡ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಇವೆರಡನ್ನೂ ಇಲ್ಲಿ ಹೈದರಾಬಾದಿನಲ್ಲಿ ಕೂತು ಕೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೈದರಾಬಾದಿಗೂ ಇದಕ್ಕೂ ಏನು ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ.

ಮೊದಲು ಈ ಮನುಷ್ಯನ ಕಥೆ, ಬೇಗ ಬೇಗ. 1907ರಲ್ಲಿ ಕಾರ್ಲ್ಸ್‌ಬಾದಿನಲ್ಲಿ ಹುಟ್ಟಿದರು, ಊರು ಈಗ ಚೆಕ್ ದೇಶದಲ್ಲಿದೆ. ಬರ್ಲಿನ್ನಿನಲ್ಲಿ ಕಲಿತರು. ಪ್ರಾಗ್‌ನಲ್ಲಿ ಡಾಕ್ಟರೇಟ್ ಕೈಗೆ ಬರುವ ಹೊತ್ತಿಗೆ, ತಮ್ಮ ಗೈಡ್ ನಾಜಿಗಳ ಜೊತೆಗಿದ್ದಾರೆಂದು ಗೊತ್ತಾಗಿ ಆ ಪದವಿಯೇ ಬೇಡವೆಂದರು. (ಇವತ್ತಿನ ಪಿಎಚ್.ಡಿ. ಅಭ್ಯರ್ಥಿಗಳು ಈ ವಾಕ್ಯವನ್ನು ಎರಡು ಸಲ ಓದಬೇಕು.) ಮುಂಬೈಯಲ್ಲಿ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದರು. ಅಲ್ಲಿ ಅವರ ಜೊತೆ ಪಿಟೀಲು ನುಡಿಸುತ್ತಿದ್ದವರು ಪಾರ್ಸಿ ತರುಣ ಮೆಹ್ಲಿ ಮೆಹ್ತಾ, ಮುಂದೆ ಇಸ್ರೇಲ್ ಫಿಲ್ಹಾರ್ಮೊನಿಕ್ ನಡೆಸಿದ ಜುಬಿನ್ ಮೆಹ್ತಾರ ತಂದೆ. 1937ರಿಂದ 1946ರವರೆಗೆ ಕೌಫ್‌ಮನ್ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. ಆಮೇಲೆ ಲಂಡನ್, ಕೆನಡಾ, ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ. ಉತ್ತರದ ರಾಗಗಳ ಮೇಲೆ 1968ರಲ್ಲಿ, ದಕ್ಷಿಣದ ರಾಗಗಳ ಮೇಲೆ 1976ರಲ್ಲಿ ದಪ್ಪ ಪುಸ್ತಕಗಳನ್ನು ಬರೆದರು. 1984ರಲ್ಲಿ ತೀರಿಕೊಂಡರು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ನಮ್ಮ ಸಂಗೀತದ ರೆಕಾರ್ಡುಗಳನ್ನು ಮೊದಲ ಸಲ ಕೇಳಿದಾಗ ಕೌಫ್‌ಮನ್‌ಗೆ ತಲೆಬುಡ ಅರ್ಥವಾಗಲಿಲ್ಲವಂತೆ. ಆದರೆ ಲಕ್ಷಾಂತರ ಜನ ಪ್ರೀತಿಯಿಂದ ಕೇಳುವ ಸಂಗೀತ ತನಗೆ ಹಿಡಿಸದಿದ್ದರೆ ಕೊರತೆ ತನ್ನ ಕಿವಿಯಲ್ಲೇ ಇರಬೇಕು ಎಂದುಕೊಂಡು, ಅದು ಹುಟ್ಟಿದಲ್ಲೇ ಹೋಗಿ ಕಲಿಯಬೇಕೆಂದು ನಿರ್ಧರಿಸಿದರಂತೆ. ವಿಮರ್ಶೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹೈದರಾಬಾದಿಗೆ ಬರೋಣ. ಇಲ್ಲಿ ಆ ಟ್ಯೂನ್ ತಡವಾಗಿ ಬಂತು. ಇಲ್ಲಿದ್ದದ್ದು ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೋ, 1935ರ ಫೆಬ್ರವರಿಯಿಂದ. ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡವೂ ಅದರಲ್ಲಿ ಬರುತ್ತಿತ್ತು. ಕಲಬುರ್ಗಿ, ಬೀದರ್, ರಾಯಚೂರು ಆಗ ಇದೇ ರಾಜ್ಯದೊಳಗಿದ್ದವಲ್ಲ. 1948ರ ಪೊಲೀಸ್ ಕಾರ್ಯಾಚರಣೆ ಆಯಿತು, 1950ರ ಏಪ್ರಿಲ್‌ನಲ್ಲಿ ನಿಲಯ ಆಲ್ ಇಂಡಿಯಾ ರೇಡಿಯೋದ ಕೈಗೆ ಹೋಯಿತು. ಅಂದರೆ ಈ ಊರಿನ ಮುಸಲ್ಮಾನರಿಗೆ ಮುಂಬೈಯ ಆ ಪಿಟೀಲು ಮೊದಲು ಕೇಳಿಸಿದ್ದು ಸರ್ಕಾರ ಬದಲಾದ ಸದ್ದಾಗಿ. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡೇ ರೇಡಿಯೋ ಕೇಳುತ್ತಿದ್ದರು. ಹೊಸ ಸರ್ಕಾರದ ಆ ಟ್ಯೂನನ್ನು ಕಟ್ಟಿದವನೇ ಒಂದು ಸರ್ಕಾರಕ್ಕೆ ಹೆದರಿ ಊರು ಬಿಟ್ಟವನು ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಈ ಊರಿಗೆ ಯಹೂದಿ ಹೆಸರು ಹೊಸತಲ್ಲ ಬಿಡಿ. ಯಹೂದಿಯಾಗಿ ಹುಟ್ಟಿದ ಫಾರ್ಸಿ ಕವಿ ಸರ್ಮದ್ 1647ರ ಸುಮಾರಿಗೆ ಹೈದರಾಬಾದಿನಲ್ಲಿದ್ದರು. ದಬಿಸ್ತಾನ್-ಎ-ಮಜಾಹಿಬ್ ಗ್ರಂಥದ ಲೇಖಕ ಅವರನ್ನು ಕಂಡದ್ದು, ಯಹೂದಿಗಳ ಬಗೆಗಿನ ಅಧ್ಯಾಯಕ್ಕೆ ಮಾಹಿತಿ ಪಡೆದದ್ದು ಇಲ್ಲಿಯೇ. ದಿಲ್ಲಿಯ ಜಾಮಾ ಮಸೀದಿಯ ಬಳಿ ಇರುವ ಅವರ ಮಜಾರ್ ಅನೇಕರಿಗೆ ಗೊತ್ತು, ಹೈದರಾಬಾದಿನ ಈ ಪುಟ ಗೊತ್ತಿರುವವರು ಕಡಿಮೆ.

ಇನ್ನು ಸಂಗೀತದ ಮಾತು. 'ಯಹೂದಿ ಸಂಗೀತದ ಆರ್ಕೆಸ್ಟ್ರಾ ಕಚೇರಿ' ಎಂದು ಹಾಕಿದ ಕಾರ್ಯಕ್ರಮಗಳನ್ನು ನೀವು ಇಂಟರ್ನೆಟ್ಟಿನಲ್ಲಿ ನೋಡಿರಬಹುದು. ಬಹುಪಾಲು ಒಂದೇ ಅಚ್ಚು. ನಡುವೆ ಎಲ್ಲೋ 'ಶಿಂಡ್ಲರ್ಸ್ ಲಿಸ್ಟ್' ಚಿತ್ರದ ಪಿಟೀಲು ಬಂದೇ ಬರುತ್ತದೆ. ಚಿತ್ರದಲ್ಲಿ ಅದನ್ನು ನುಡಿಸಿದ ಇಟ್ಜಾಕ್ ಪರ್ಲ್‌ಮನ್ ಮಹಾನ್ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಬರೆದ ಜಾನ್ ವಿಲಿಯಮ್ಸ್ ಯಹೂದಿಯಲ್ಲ, ಹಾಲಿವುಡ್ಡಿನ ಸಂಗೀತ ನಿರ್ದೇಶಕ. ಒಂದು ಜನಾಂಗವನ್ನು ಅದರ ಅಳುವಿನಿಂದಲೇ ಗುರುತಿಸುವ ಚಟ ಇದು. ನಮ್ಮನ್ನು ಕವಾಲಿ, ಬಿರಿಯಾನಿ, ಇತ್ತರಿನಿಂದ ಗುರುತಿಸುವ ಹಾಗೆಯೇ. ಬಿರಿಯಾನಿ ಚೆನ್ನಾಗಿಯೇ ಇರುತ್ತದೆ, ಆದರೆ ನಾವು ಅಷ್ಟೇ ಅಲ್ಲವಲ್ಲ.

ಆ ಕಚೇರಿಗಳಲ್ಲಿ 'ಯಹೂದಿ' ಅನ್ನಿಸುವ ಸ್ವರಗಳ ಜೋಡಣೆ ನಿಮಗೆ ಅಪರಿಚಿತವೂ ಅಲ್ಲ. ಅವರು ತಮ್ಮ ಬೆಳಗಿನ ಪ್ರಾರ್ಥನೆಯೊಂದರ ಹೆಸರಿನಲ್ಲಿ ಅದನ್ನು 'ಅಹವಾ ರಬ್ಬಾ' ಎನ್ನುತ್ತಾರೆ. ಕೋಮಲ ರಿಷಭದಿಂದ ಶುದ್ಧ ಗಾಂಧಾರಕ್ಕೆ ಒಂದು ಉದ್ದನೆಯ ಹೆಜ್ಜೆ. ಅರಬ್ಬರಲ್ಲಿ ಅದರ ನೆಂಟ ಹಿಜಾಜ್ ಮಕಾಮ್, ಎಷ್ಟೋ ಮುಅಝ್ಝಿನ್‌ಗಳು ಅಝಾನ್ ಎತ್ತಿಕೊಳ್ಳುವುದು ಅದರಲ್ಲೇ. ಕರ್ನಾಟಕ ಸಂಗೀತದವರು ಅದೇ ಸ್ವರಗಳನ್ನು ವಕುಲಾಭರಣ ಎನ್ನುತ್ತಾರೆ, ಹಿಂದುಸ್ತಾನಿಯವರು ಬಸಂತ್ ಮುಖಾರಿ ಎನ್ನುತ್ತಾರೆ. ಇದರಿಂದ 'ಎಲ್ಲರೂ ಒಂದೇ' ಅಂತ ಭಾಷಣ ಹೊಡೆಯುವ ಆಸೆ ನನಗಿಲ್ಲ. ಸ್ವರ ಒಂದೇ ಆದ ಮಾತ್ರಕ್ಕೆ ಹಾಡು ಒಂದಾಗುವುದಿಲ್ಲ. ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದೇ ಮುಖ್ಯ.

ಕೌಫ್‌ಮನ್ ಗೆದ್ದದ್ದೂ ಎಡವಿದ್ದೂ ಇಲ್ಲಿಯೇ. ಆಕಾಶವಾಣಿಯ ಟ್ಯೂನ್ ಶಿವರಂಜನಿಯಲ್ಲಿದೆ. ಐದೇ ಸ್ವರ, ಮಧ್ಯಮವಿಲ್ಲ, ನಿಷಾದವಿಲ್ಲ, ಗಾಂಧಾರ ಕೋಮಲ. ಶಿವರಂಜನಿ ಹೇಗಿರುತ್ತದೆ ಅಂತ ನಿಮಗೆ ಆಗಲೇ ಗೊತ್ತು: 'ಸೂರಜ್' (1966) ಚಿತ್ರದ, ಪ್ರತಿ ಬರಾತಿನಲ್ಲೂ ಬ್ಯಾಂಡಿನವರು ಊದುವ ರಫಿ ಸಾಹೇಬರ ಆ ಹಾಡು ಇದೇ ರಾಗದ್ದು. ಶಂಕರ್-ಜೈಕಿಶನ್ ಜೋಡಿಯ ಸಂಗೀತ ಅದು. ಆ ಶಂಕರ್ ಬೆಳೆದದ್ದು ಹೈದರಾಬಾದಿನಲ್ಲಿ. ಸಾಲು ಸಾಲು ಪಿಟೀಲು ಕೂರಿಸಿ ರಾಗದ ಧಾಟಿಯ ಹಾಡಿಗೆ ಆರ್ಕೆಸ್ಟ್ರಾ ಕಟ್ಟುವುದನ್ನು ಸಿನಿಮಾದವರು ಮನೆಮಾತು ಮಾಡಿದರು. ಅವರಿಗೂ ಮುಂಚೆ, ಸಿನಿಮಾದ ಕಥೆಯ ಆಸರೆಯಿಲ್ಲದೆ, ಇದೇ ಕೆಲಸವನ್ನು ಸಿಂಫನಿಯಲ್ಲಿ ಮಾಡಲು ಹೊರಟವರು ಕೌಫ್‌ಮನ್.

'ಇಂಡಿಯನ್ ಸಿಂಫನಿ' ಚಿಕ್ಕದು. ರಾಗ ಬದುಕುವುದು ಒಂದು ಕಂಠದಲ್ಲಿ, ಆರ್ಕೆಸ್ಟ್ರಾ ಬದುಕುವುದು ಹತ್ತಾರು ಕಂಠಗಳಲ್ಲಿ. ರಾಗದಲ್ಲಿ ಇಲ್ಲದ ಸ್ವರವನ್ನು ಕೆಳಗಿನ ವಾದ್ಯಗಳು ತಂದು ಇಟ್ಟುಬಿಟ್ಟರೆ ಮುಗಿಯಿತು, ಮಡಕೆ ಸೋರುತ್ತದೆ. ಕೌಫ್‌ಮನ್ ಈ ಅಪಾಯ ಬಲ್ಲವರು. ಹಾಗಾಗಿ ಕೆಳಗಿನ ವಾದ್ಯಗಳಿಗೆ ತಂಬೂರಿಯ ಕೆಲಸ ಕೊಡುತ್ತಾರೆ, ಒಂದು ಪುಟ್ಟ ಲಯವನ್ನು ಮತ್ತೆ ಮತ್ತೆ ನುಡಿಸುತ್ತಾರೆ, ಮೇಲೆ ರಾಗವನ್ನು ಒಂದು ವಾದ್ಯದಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಕೇಳಲು ಸೊಗಸು. ಆದರೆ ಮೀಂಡ್ ಇಲ್ಲ, ಗಮಕವಿಲ್ಲ. ಇಷ್ಟೊಂದು ಪಿಟೀಲುಗಳು ಒಟ್ಟಿಗೆ ಒಂದೇ ಸ್ವರದ ಮೇಲೆ ಜಾರುವುದು ಹೇಗೆ ಸಾಧ್ಯ? ಪ್ರತಿ ಸ್ವರವೂ ನೆಟ್ಟ ಕಂಬದಂತೆ ನಿಲ್ಲುತ್ತದೆ, ಬಳ್ಳಿ ಕಾಣುವುದಿಲ್ಲ. ಬರ್ಲಿನ್ನಿನ ಕಲಾವಿದರು ಅಚ್ಚುಕಟ್ಟಾಗಿ, ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿ ನುಡಿಸಿದ್ದಾರೆ. ಕಿರುಕೃತಿಗಳಂತೂ ಕೆಲವೆಡೆ ಪೋಸ್ಟ್‌ಕಾರ್ಡಿನ ಚಿತ್ರದ ಹಾಗಿವೆ.

ನಿಜವಾದ ಕೌಫ್‌ಮನ್ ನನಗೆ ಸಿಕ್ಕಿದ್ದು ಎ.ಆರ್.ಸಿ.ಯವರ ನಾಲ್ಕು ತಂತಿವಾದ್ಯಗಳಲ್ಲಿ, ಮುಂಬೈ ಕಾಲದ ಹನ್ನೊಂದನೇ ಕ್ವಾರ್ಟೆಟ್‌ನಲ್ಲಿ. ಅಲ್ಲಿ ಒಬ್ಬೊಬ್ಬರಿಗೂ ಉಸಿರಾಡಲು ಜಾಗವಿದೆ. ಪಿಟೀಲು ಒಂದು ಸ್ವರದ ಸುತ್ತ ಸುಳಿದಾಡುವಾಗ ಅದು ಕಾರ್ಲ್ಸ್‌ಬಾದಿನ ಸಿನಗಾಗಿನದೋ ಮುಂಬೈಯ ಬೈಠಕ್ಕಿನದೋ ಹೇಳಲಾಗುವುದಿಲ್ಲ. 1938ರಲ್ಲಿ ಅವರ ಹುಟ್ಟೂರನ್ನು ಜರ್ಮನಿ ನುಂಗಿತ್ತು, ತಿರುಗಿ ಹೋಗಲು ಮನೆ ಇರಲಿಲ್ಲ. ಅದನ್ನು ಆ ಸಂಗೀತ ಎಲ್ಲೂ ಅತ್ತು ಹೇಳುವುದಿಲ್ಲ.

ಇನ್ನು ಕಷ್ಟದ ಪ್ರಶ್ನೆ. ಗಾಜಾದ ಮಕ್ಕಳ ಚಿತ್ರಗಳನ್ನು ಫೋನಿನಲ್ಲಿ ನೋಡುತ್ತಲೇ ಇರುವ ವಿದ್ಯಾರ್ಥಿಗಳು ಕೇಳುತ್ತಾರೆ: ಇಂಥ ಹೊತ್ತಲ್ಲಿ ಯಹೂದಿ ಸಂಗೀತ ಯಾಕೆ ಬೇಕು? ಅದು ಉಡಾಫೆಯ ಪ್ರಶ್ನೆಯಲ್ಲ. ಪ್ಯಾಲೆಸ್ತೀನಿನ ಎಡ್ವರ್ಡ್ ಸಯೀದ್ ಮತ್ತು ಯಹೂದಿ ಕಲಾವಿದ ಡೇನಿಯಲ್ ಬಾರೆನ್‌ಬೋಯಿಮ್ ಸೇರಿ 1999ರಲ್ಲಿ ಅರಬ್ ಮತ್ತು ಇಸ್ರೇಲಿ ತರುಣರ ಆರ್ಕೆಸ್ಟ್ರಾ ಕಟ್ಟಿದರು. ಹೆಸರು ವೆಸ್ಟ್-ಈಸ್ಟರ್ನ್ ದಿವಾನ್, ಹಾಫಿಜ್‌ನನ್ನು ಓದಿ ಗಯಟೆ ಬರೆದ ಕಾವ್ಯದ್ದು. ಅದೇ ಕಾವ್ಯಕ್ಕೆ ಇಕ್ಬಾಲರು 1923ರಲ್ಲಿ 'ಪಯಾಮ್-ಎ-ಮಶ್ರಿಕ್' ಮೂಲಕ ಉತ್ತರ ಕೊಟ್ಟಿದ್ದು. 2005ರಲ್ಲಿ ಅವರು ರಮಲ್ಲಾದಲ್ಲೂ ನುಡಿಸಿದರು. ಆದರೂ ಪ್ಯಾಲೆಸ್ತೀನಿನ ಬಹಿಷ್ಕಾರ ಚಳವಳಿಯವರು ಆ ಆರ್ಕೆಸ್ಟ್ರಾವನ್ನು ಒಪ್ಪಲಿಲ್ಲ: ಜೊತೆಗೆ ನುಡಿಸಿ ಎಲ್ಲ ಸರಿಯಿದೆ ಎಂದು ತೋರಿಸಬೇಡಿ ಎಂಬ ಅವರ ಆಕ್ಷೇಪದಲ್ಲಿ ತಿರುಳಿದೆ. ಸರ್ಕಾರದ ಬಾವುಟ ಹಿಡಿದು ಬರುವ ಕಚೇರಿಗೆ ಹೋಗುವುದಿಲ್ಲ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ.

ಆದರೆ ಕೌಫ್‌ಮನ್ ಯಾವ ಬಾವುಟದ ಕೆಳಗೂ ಬರಲಿಲ್ಲ. ಅವರು ಮುಂಬೈಯಲ್ಲಿ ಇಳಿದಾಗ ಇಸ್ರೇಲ್ ಎಂಬ ದೇಶವೇ ಇರಲಿಲ್ಲ. ಯಹೂದಿ ಎಂಬ ಒಂದೇ ಕಾರಣಕ್ಕೆ ಅವರಿಂದ ಆ ದೇಶದ ಲೆಕ್ಕ ಕೇಳುವುದಾದರೆ, ನಮ್ಮ ಬೀದಿಗಳಲ್ಲಿ ನಿಂತು ನಮ್ಮಿಂದ ಪಾಕಿಸ್ತಾನದ ಲೆಕ್ಕ ಕೇಳುವವರಿಗೆ ನಾವು ಯಾವ ಬಾಯಲ್ಲಿ ಉತ್ತರ ಕೊಡೋಣ?

ಕೇಳುವುದಿದ್ದರೆ ಸಿಂಫನಿಯಿಂದ ಶುರು ಮಾಡಬೇಡಿ. ಹನ್ನೊಂದನೇ ಕ್ವಾರ್ಟೆಟ್ ಮೊದಲು, ಆಮೇಲೆ ಅದೇ ಆಲ್ಬಮ್ಮಿನ ಪಿಟೀಲು-ಪಿಯಾನೋ ಸೊನಾಟಾ, ಕಡೆಗೆ ಬರ್ಲಿನ್ನಿನವರ ಆರ್ಕೆಸ್ಟ್ರಾ. ಮನೆಯಲ್ಲಿ ದಾದಿಯೋ ನಾನಾರೋ ಇದ್ದರೆ ಹೆಡ್‌ಫೋನ್ ತೆಗೆದು ಅವರ ಪಕ್ಕದಲ್ಲೇ ಹಾಕಿ. ಆಕಾಶವಾಣಿಯ ಟ್ಯೂನ್ ಇವರದೇ ಅನ್ನುವುದನ್ನು ಮಾತ್ರ ಕೇಳಿಸಿ ಮುಗಿದ ಮೇಲೆ ಹೇಳಿ.